99% ತೆಗೆದ್ರಿ ಸರಿ, ಉಳಿದಿದ್ದು ಎಷ್ಟು?

ಇವತ್ತೊಂದು ಪ್ರೆಸೆಂಟೇಶನ್ ಕೇಳ್ಕೊಂಡು ಬಂದೆ, ತಲೆ ಇನ್ನೂ ಬಿಸಿ ಇದೆ. ನೀರಲ್ಲಿರೋ ಸೀಸ ಹಿಡಿಯೋ ಹೊಸ ಪಾಲಿಮರ್ ಅಂತೆ, ಸ್ಲೈಡ್ ತುಂಬಾ "99% ರಿಮೂವಲ್", ಎಲ್ರೂ ಚಪ್ಪಾಳೆ. ನಾನು ಕೇಳಿದ್ದು ಒಂದೇ, ಯಾವ ನೀರು? ಡಿಸ್ಟಿಲ್ಡ್ ವಾಟರ್, ಅದಕ್ಕೆ ಲೀಟರಿಗೆ 100 ಮಿಲಿಗ್ರಾಂ ಸೀಸ ಬೆರೆಸಿದ್ದಂತೆ. ಲೆಕ್ಕ ಹಾಕಿ ನೋಡಿ, 99% ಹೋದ್ಮೇಲೂ 1 ಮಿಲಿಗ್ರಾಂ, ಅಂದ್ರೆ 1000 ಮೈಕ್ರೋಗ್ರಾಂ ಉಳೀತು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯೋ ನೀರಿಗೆ ಹೇಳೋ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಉಳಿದಿದ್ದೇ ಅದರ 100 ಪಟ್ಟು! ಮಕ್ಕಳಿಗೆ ಕುಡಿಸೋಕಾಗುತ್ತಾ ಇದನ್ನ?

ನನಗ್ಯಾಕೆ ಇಷ್ಟು ಸಂಕಟ ಅಂತ ಲ್ಯಾಬಲ್ಲಿ ಜೊತೆಗಿದ್ದವರಿಗೆ ಗೊತ್ತು. ನಾನೂ ಇದೇ ತಪ್ಪು ಮಾಡಿದೋಳು. ನೀರು ಹೀರಿ ಉಬ್ಬೋ ಪಾಲಿಮರ್, ಅಕ್ರಿಲಿಕ್ ಆಸಿಡ್ ಜೆಲ್ ಮಾಡಿದ್ದೆ, ಡಿಸ್ಟಿಲ್ಡ್ ನೀರಲ್ಲಿ ಉಬ್ಬಿ ಗಾಜಿನ ಥರ ಇರ್ತಿತ್ತು, ತಾಮ್ರದ ದ್ರಾವಣ ಹಾಕಿದ್ರೆ ನೀಲಿಯೆಲ್ಲಾ ನಿಧಾನಕ್ಕೆ ಜೆಲ್ಲಿಗೆ ಇಳಿದು ನೀರು ತಿಳಿಯಾಗ್ತಿತ್ತು, ನೋಡ್ತಾ ಕೂತ್ರೆ ಊಟದ ಹೊತ್ತೂ ನೆನಪಾಗ್ತಿರ್ಲಿಲ್ಲ. ಒಂದಿನ ಕ್ಯಾಲ್ಸಿಯಂ ಜಾಸ್ತಿ ಇರೋ ಗಡಸು ನೀರಿಗೆ ಹಾಕಿದೆ. ಕುಗ್ಗಿ ಮುದುಡಿ ಗಟ್ಟಿ ಮುದ್ದೆ ಆಯ್ತು. ತಾಮ್ರ ಕೂರಬೇಕಾದ ಜಾಗದಲ್ಲೆಲ್ಲಾ ಕ್ಯಾಲ್ಸಿಯಂ ಬಂದು ಕೂತಿತ್ತು. ಅವತ್ತು ಅತ್ತಿದ್ದೆ. ಆ ರಿಸಲ್ಟ್ ಥೀಸಿಸ್‌ಗೆ ಹಾಕ್ಲಿಲ್ಲ, ಅದು ಇವತ್ತಿಗೂ ಚುಚ್ಚುತ್ತೆ.

ಮೊದ್ಲು ಶುದ್ಧ ನೀರಲ್ಲಿ ಮಾಡಿದ್ರೇನೇ ಯಾವುದು ಹೇಗೆ ಅಂಟುತ್ತೆ ಅಂತ ತಿಳಿಯೋದು ಅಂತ ಒಬ್ರು ಹಿರಿಯರು ಹೇಳಿದ್ರು. ಒಪ್ತೀನಿ ಸರ್, ಆದ್ರೆ ಅದು ಮೊದಲ ದಿನದ ಕೆಲಸ. ಅಷ್ಟಕ್ಕೇ ನಿಂತು "ಕುಡಿಯುವ ನೀರಿಗಾಗಿ" ಅಂತ ಶೀರ್ಷಿಕೆ ಕೊಡಬಾರ್ದು. ಸೀಸ 10 ಮೈಕ್ರೋಗ್ರಾಂ ಇರೋ ನೀರಲ್ಲಿ ಕ್ಯಾಲ್ಸಿಯಂ 80 ಮಿಲಿಗ್ರಾಂ ಇದ್ರೆ ಅದು 8000 ಪಟ್ಟು, ಆ ಜಾತ್ರೇಲಿ ಸೀಸವನ್ನೇ ಹುಡುಕಿ ಹಿಡೀಬೇಕು, ಕಷ್ಟ ಇರೋದೇ ಅಲ್ಲಿ.

ಆಗಲ್ಲ ಅಂತಲ್ಲ. ನೀರಲ್ಲಿರೋ ಅಯಾನು ಹಿಡಿದು ತನ್ನದನ್ನ ಬಿಡೋ ಪಾಲಿಮರ್, ಅಯಾನ್ ಎಕ್ಸ್‌ಚೇಂಜ್ ರೆಸಿನ್, 1935ರಲ್ಲೇ ಬಂದಿದೆ, ಇಮಿನೋಡೈಅಸಿಟೇಟ್ ಅನ್ನೋ ಗುಂಪು ಇರೋ ರೆಸಿನ್ ಏಡಿ ಕೊಂಡಿ ಹಾಕಿದ ಹಾಗೆ ಲೋಹವನ್ನ ಹಿಡಿಯುತ್ತೆ, ಕ್ಯಾಲ್ಸಿಯಂ ಮಧ್ಯೆನೂ ತಾಮ್ರವನ್ನ ಆರಿಸ್ಕೊಳ್ಳುತ್ತೆ, ಗಂಧಕ ಇರೋ ಥಯಾಲ್ ಗುಂಪು ಪಾದರಸ ಬಿಡೋದೇ ಇಲ್ಲ. ಆಮೇಲೆ ಪಾಲಿಮರ್ ಮತ್ತೆ ಬಳಸೋಕೆ ಹಿಡಿದದ್ದನ್ನ ಆಸಿಡ್ ಹಾಕಿ ಬಿಡಿಸಬೇಕಲ್ಲ, ಆ ವಿಷದ ಆಸಿಡ್ ಎಲ್ಲಿ ಚೆಲ್ತೀರಿ? ಅದಕ್ಕೂ ಒಂದು ಸ್ಲೈಡ್ ಇರ್ಲಿಲ್ಲ.

ಪ್ರೆಸೆಂಟೇಶನ್ ಕೊಟ್ಟ ಹುಡುಗ ಒಳ್ಳೆಯವನು, ಶ್ರಮ ಪಟ್ಟಿದಾನೆ. ಕ್ಯಾಲ್ಸಿಯಂ ಹಾಕಿ ಇನ್ನೊಂದ್ಸಲ ಮಾಡಪ್ಪಾ ಅಂದೆ, ಮುಖ ಸಪ್ಪಗಾಯ್ತು, ಆದ್ರೂ ಬರ್ಕೊಂಡ. ನನ್ನ ಹಳೇ ಲ್ಯಾಬ್ ನೋಟ್‌ಬುಕ್ಕಲ್ಲಿ ಆ ಮುದ್ದೆಯಾದ ಜೆಲ್ಲಿನ ಪುಟ ಇನ್ನೂ ಇದೆ, ರಾತ್ರಿ ಫೋಟೋ ತೆಗೆದು ಅವನಿಗೆ ಕಳಿಸ್ತೀನಿ.