ಸ್ನೆಲ್‌ರನ್ನು ಹೊರಗೆ ಕಳಿಸಿದ್ದು ಕೆವಿನ್ ಕ್ಯಾಶ್ ಒಬ್ಬರೇ ಅಲ್ಲ

2020ರ ಅಕ್ಟೋಬರ್ 27ರಂದು ಆರ್ಲಿಂಗ್ಟನ್‌ನಲ್ಲಿ ನಡೆದ ವರ್ಲ್ಡ್ ಸೀರೀಸ್‌ನ (ಅಮೆರಿಕದ ಬೇಸ್‌ಬಾಲ್ ಲೀಗ್‌ನ ಅಂತಿಮ ಸರಣಿ) ಆರನೇ ಪಂದ್ಯದ ಬಗ್ಗೆ ಬೇಸ್‌ಬಾಲ್ ಅಭಿಮಾನಿಗಳ ಜಗಳ ಇನ್ನೂ ಮುಗಿದಿಲ್ಲ. ಟ್ಯಾಂಪಾ ಬೇ ರೇಸ್ ತಂಡದ ಪಿಚರ್ (ಚೆಂಡೆಸೆಯುವ ಆಟಗಾರ) ಬ್ಲೇಕ್ ಸ್ನೆಲ್ 73 ಎಸೆತಗಳಲ್ಲಿ ಒಂಬತ್ತು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾಗುವುದು) ಮಾಡಿ, ಎರಡೇ ಹಿಟ್ ಬಿಟ್ಟುಕೊಟ್ಟು, ಡಾಡ್ಜರ್ಸ್ ವಿರುದ್ಧ 1-0 ಮುನ್ನಡೆಯನ್ನು ಒಂಬತ್ತು ಇನಿಂಗ್ಸ್‌ನ ಪಂದ್ಯದಲ್ಲಿ ಆರನೇ ಇನಿಂಗ್ಸ್‌ವರೆಗೆ ಕಾಯ್ದುಕೊಂಡಿದ್ದರು. ಎರಡನೆಯ ಹಿಟ್ ಬಿದ್ದೊಡನೆ ಮ್ಯಾನೇಜರ್ ಕೆವಿನ್ ಕ್ಯಾಶ್ ಬಂದು ಚೆಂಡನ್ನು ಇನ್ನೊಬ್ಬ ಪಿಚರ್ ನಿಕ್ ಆಂಡರ್ಸನ್ ಕೈಗಿತ್ತರು. ಅಂದು ಸ್ನೆಲ್ ಎದುರು ಎರಡು ಸಲವೂ ಸ್ಟ್ರೈಕ್‌ಔಟ್ ಆಗಿದ್ದ ಡಾಡ್ಜರ್ಸ್‌ನ ಮೂಕಿ ಬೆಟ್ಸ್, ಆಂಡರ್ಸನ್ ಎಸೆತಕ್ಕೆ ಡಬಲ್ (ಎರಡನೇ ಬೇಸ್ ತಲುಪಿಸುವ ಹೊಡೆತ) ಹೊಡೆದರು. ರೇಸ್ 3-1ರಿಂದ ಸೋತಿತು. (ಕ್ರಿಕೆಟ್ ನೋಡಿ ಬೆಳೆದ ನಮಗೆ ಇದೊಂದು ನೆನಪಿರಬೇಕು: ಇಲ್ಲಿ ಪಂದ್ಯದಿಂದ ಹೊರಹೋದ ಪಿಚರ್‌ನನ್ನು ಇನ್ನೊಂದು ಸ್ಪೆಲ್‌ಗೆ ಕರೆಯಲಾಗದು.)

ಬೈಗುಳವೆಲ್ಲ ಕ್ಯಾಶ್ ಪಾಲಿಗೆ ಬಂತು. ಆದರೆ ಆ ನಿರ್ಧಾರದ ಬಹುಪಾಲು ಮೈದಾನದಲ್ಲಿ ಆಗಿದ್ದಲ್ಲ, ತಂಡ ಕಟ್ಟುವ ಆಡಳಿತದ ಕಚೇರಿಯಾದ ಫ್ರಂಟ್ ಆಫೀಸ್‌ನಲ್ಲಿ ವರ್ಷಗಳ ಹಿಂದೆಯೇ ಆಗಿತ್ತು ಎಂಬುದು ನನ್ನ ಅಭಿಪ್ರಾಯ. ಸಂಬಳಕ್ಕೆ ಅತಿ ಕಡಿಮೆ ಖರ್ಚು ಮಾಡುವ ತಂಡಗಳಲ್ಲಿ ರೇಸ್ ಒಂದು. ಮುಖ್ಯ ಪಿಚರ್ ದುಬಾರಿಯಾಗುವ ಹೊತ್ತಿಗೆ ಅವನನ್ನು ಮಾರುವುದು ಅಲ್ಲಿನ ಪದ್ಧತಿ. 2012ರಲ್ಲಿ ಜೇಮ್ಸ್ ಶೀಲ್ಡ್ಸ್, 2014ರಲ್ಲಿ ಡೇವಿಡ್ ಪ್ರೈಸ್ ಹೀಗೆಯೇ ಹೋದರು. ಅವರು ಎಸೆಯುತ್ತಿದ್ದ ಇನಿಂಗ್ಸ್‌ಗಳನ್ನು ಅಗ್ಗದ ಹಲವು ತೋಳುಗಳಿಗೆ ಹಂಚಬೇಕಾಯಿತು. 2018ರ ಮೇ 19ರಂದು ರಿಲೀವರ್ (ಸಾಮಾನ್ಯವಾಗಿ ಪಂದ್ಯದ ನಡುವೆ ಇಳಿಯುವ ಪಿಚರ್) ಸರ್ಜಿಯೊ ರೋಮೊ ಅವರಿಂದ ಪಂದ್ಯ ಆರಂಭಿಸಿ, ಬಳಿಕ ರಯಾನ್ ಯಾರ್ಬ್ರೊ ಅವರನ್ನು ಇಳಿಸಿದ 'ಓಪನರ್' ಪ್ರಯೋಗ ಇದೇ ಲೆಕ್ಕಾಚಾರದ ಕೂಸು. ಆ ವರ್ಷ ತಂಡ 90 ಪಂದ್ಯ ಗೆದ್ದಿತು, ಆದ್ದರಿಂದ ಲೆಕ್ಕ ತಪ್ಪೆಂದು ಯಾರೂ ಹೇಳುವಂತಿರಲಿಲ್ಲ. ಒಬ್ಬನೇ ಪಿಚರ್‌ನನ್ನು ಮೂರನೇ ಸಲ ಎದುರಿಸುವಾಗ ಬ್ಯಾಟರ್‌ಗಳು ಹೆಚ್ಚು ಚೆನ್ನಾಗಿ ಆಡುತ್ತಾರೆ ಎಂಬುದೂ ನಿಜವೇ.

ನನ್ನ ತಕರಾರು ಬೇರೆ. 2020ರಲ್ಲಿ ಸ್ನೆಲ್ ಒಂದು ಪಂದ್ಯದಲ್ಲೂ ಆರು ಇನಿಂಗ್ಸ್ ಪೂರ್ತಿ ಎಸೆದಿರಲಿಲ್ಲ. 2018ರಲ್ಲಿ 21 ಗೆಲುವು, 1.89 ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ) ಸಾಧಿಸಿ, ವರ್ಷದ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಪಡೆದವರನ್ನು ಐದು ಇನಿಂಗ್ಸ್‌ನ ಆಳಾಗಿಸಿದ ಮೇಲೆ, ಮೂರನೇ ಸುತ್ತನ್ನು ಅವರು ನಿಭಾಯಿಸಬಲ್ಲರೇ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗಿತ್ತು. ಅತ್ತ ಆಂಡರ್ಸನ್ ಆ ಅಕ್ಟೋಬರ್‌ನಲ್ಲಿ ಪಂದ್ಯದಿಂದ ಪಂದ್ಯಕ್ಕೆ ರನ್ ಕೊಡುತ್ತಲೇ ಬಂದಿದ್ದರು. ಇಡೀ ಸೀಸನ್‌ನ ಸರಾಸರಿ ನೋಡಿ ಕಟ್ಟಿದ ಪಡೆಗೆ ಆ ದಣಿವು ಕಾಣಿಸಲಿಲ್ಲ, ಅಥವಾ ಕಂಡರೂ ಬೇರೆ ದಾರಿ ಉಳಿದಿರಲಿಲ್ಲ.

ಮುಂದಿನದ್ದು ನಿರೀಕ್ಷಿತವೇ. ಇನ್ನೊಬ್ಬ ಪಿಚರ್ ಚಾರ್ಲಿ ಮಾರ್ಟನ್ ಅವರನ್ನು 15 ಮಿಲಿಯನ್ ಡಾಲರ್‌ಗೆ ಮುಂದಿನ ವರ್ಷಕ್ಕೂ ಉಳಿಸಿಕೊಳ್ಳುವ ಆಯ್ಕೆಯನ್ನು ತಂಡ ಕೈಬಿಟ್ಟಿತು. ಡಿಸೆಂಬರ್‌ನಲ್ಲಿ ಸ್ನೆಲ್ ಸ್ಯಾನ್ ಡಿಯಾಗೋ ತಂಡಕ್ಕೆ ಹೋದರು. ಅಲ್ಲಿ ಅವರು 2023ರಲ್ಲಿ ಮತ್ತೊಂದು ಸೈ ಯಂಗ್ ಗೆದ್ದರು. ಲೀಗ್ ಕೂಡ 2022ರಲ್ಲಿ ಎಚ್ಚೆತ್ತು, ತಂಡವೊಂದು 13ಕ್ಕಿಂತ ಹೆಚ್ಚು ಪಿಚರ್‌ಗಳನ್ನು ಇಟ್ಟುಕೊಳ್ಳುವಂತಿಲ್ಲ, ಒಬ್ಬನನ್ನು ಒಂದು ಸೀಸನ್‌ನಲ್ಲಿ ಐದಕ್ಕಿಂತ ಹೆಚ್ಚು ಬಾರಿ ಕೆಳಹಂತದ ಮೈನರ್ ಲೀಗ್‌ಗೆ ಕಳಿಸುವಂತಿಲ್ಲ ಎಂದಿತು. ಇದರಿಂದ ಅಗ್ಗದ ತೋಳುಗಳ ಓಡಾಟಕ್ಕೆ ಕಡಿವಾಣ ಬಿತ್ತು. ಆದರೆ ಯುವ ಪಿಚರ್‌ಗಳನ್ನು ಮೊದಲಿನಿಂದಲೇ ಐದು ಇನಿಂಗ್ಸ್‌ಗೆ ಮಾತ್ರ ತಯಾರು ಮಾಡುವ ಫ್ರಂಟ್ ಆಫೀಸ್‌ಗಳಿಗೆ ಈ ನಿಯಮಗಳಿಂದ ಯಾವ ಅಡ್ಡಿಯೂ ಇಲ್ಲ.