ಒಂದು ಕ್ಯೂಸೆಕ್ ಅಂದ್ರೆ ಎಷ್ಟು ನೀರು?

ಮಳೆಗಾಲದಲ್ಲಿ ಶಿವಮೊಗ್ಗದವರು ಮೊದಲು ಕೇಳೋದು "ಮಂಟಪ ಮುಳುಗ್ತಾ?" ಅಂತ. ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯೊಳಗಿರುವ ಆ ಕಲ್ಲು ಮಂಟಪವೇ ನಮ್ಮೂರಿನ ಅಳತೆಗೋಲು. ಗಾಜನೂರು ಅಣೆಕಟ್ಟಿನ ಹೊರಹರಿವು ಇಷ್ಟು ಸಾವಿರ ಕ್ಯೂಸೆಕ್ ಅಂತ ಪೇಪರಿನಲ್ಲೂ ದಿನಾ ಬರುತ್ತೆ. ಸಿವಿಲ್ ಎರಡನೇ ವರ್ಷದ ನನ್ನ ಹುಡುಗರನ್ನು ಕೇಳಿದೆ, ಒಂದು ಕ್ಯೂಸೆಕ್ ಅಂದ್ರೆ ಎಷ್ಟ್ರಪ್ಪಾ? ಸೆಕೆಂಡಿಗೆ 28.3 ಲೀಟರ್ ಅಂತ ಥಟ್ಟನೆ ಉತ್ತರ ಬಂತು. ಅಷ್ಟು ನೀರು ನಮ್ಮ ಕಾಲೇಜಿನ ಮುಂದಿನ ಚರಂಡೀಲಿ ಹಿಡಿಸುತ್ತಾ ಅಂದೆ. ಎಲ್ಲರೂ ಗಪ್‌ಚಿಪ್.

ತಪ್ಪು ಅವರದ್ದಲ್ಲ. ನಾವು ಓದುವಾಗಲೂ ಹೈಡ್ರಾಲಿಕ್ಸ್ ಲ್ಯಾಬ್ ಅಂದ್ರೆ ಸೀನಿಯರ್‌ಗಳ ರೆಕಾರ್ಡ್ ಪುಸ್ತಕ. ವಿ ಆಕಾರದ ಕಚ್ಚಿನಲ್ಲಿ ನೀರು ಹರಿಸಿ ಅಳೆಯೋ ವಿ-ನಾಚ್ ಪ್ರಯೋಗದಲ್ಲಿ ಸಿ-ಡಿ (ನಿಜವಾದ ಹರಿವಿಗೂ ಲೆಕ್ಕದ ಹರಿವಿಗೂ ಇರೋ ಅನುಪಾತ) 0.6ರ ಆಸುಪಾಸು ಬರಲೇಬೇಕು, ಹಾಗಾಗಿ ಉತ್ತರದಿಂದ ಹಿಂದಕ್ಕೆ ಬಂದು ರೀಡಿಂಗ್ ಬರೀತಿದ್ವಿ. ಪಂಪು ಕೆಟ್ಟು ಕೂತಿದ್ದಾಗಲೂ ನಮ್ಮ ರೀಡಿಂಗ್ ಕರೆಕ್ಟಾಗೇ ಇತ್ತು!

ಹೋದ ಅಕ್ಟೋಬರಿನಲ್ಲಿ ಹನ್ನೆರಡು ಜನರನ್ನು ಕರ್ಕೊಂಡು ತೀರ್ಥಹಳ್ಳಿ ಕಡೆಯ ಪರಿಚಯದ ಗೌಡರ ತೋಟದ ಹಳ್ಳಕ್ಕೆ ಹೋದೆ. ಪಾದ ಮುಳುಗುವಷ್ಟೇ ನೀರು. ಪ್ಲೈವುಡ್ ಹಲಗೆಯಲ್ಲಿ ತೊಂಬತ್ತು ಡಿಗ್ರಿಯ ವಿ ಕೊಯ್ದು ಅಡ್ಡ ನಿಲ್ಲಿಸಿದೆವು. ನೀರು ವಿ ಹತ್ತಲೇ ಇಲ್ಲ, ಅಡಿಯಿಂದ ನುಸುಳಿ ಹೋಯ್ತು. ದಡದಲ್ಲಿ ಕವಳ ಹಾಕ್ತಾ ಕೂತಿದ್ದ ಗೌಡರು, "ನೆಲದ ಮೇಲಿಟ್ರೆ ನಿಲ್ಲುತ್ತಾ ಮೇಷ್ಟ್ರೇ? ಒಂದು ಮೊಳ ಅಗೆದು ಇಳಿಸಿ, ಜೇಡಿಮಣ್ಣು ಹಾಕಿ ತುಳೀರಿ" ಅಂದ್ರು. ನೀರು ಅಡಿಯಿಂದ ನುಸುಳದಂತೆ ನೆಲದೊಳಗೆ ಇಳಿಸೋ ಕಟ್-ಆಫ್ ಗೋಡೆಯ ಪಾಠ ಅಲ್ಲಿಗೆ ಮುಗೀತು. ಕ್ಲಾಸಿನಲ್ಲಿ ನನಗೆ ಅದಕ್ಕೆ ಎರಡು ಗಂಟೆ ಬೇಕು.

ಹಾಗೆ ಮಾಡಿದ ಮೇಲೆ ನೀರು ವಿ ಹತ್ತಿತು. ಒಬ್ಬಳು ಸ್ಕೇಲನ್ನು ವಿ ಬಾಯಲ್ಲೇ ಹಿಡಿದು ನೀರಿನ ಎತ್ತರ 9 ಸೆಂಟಿಮೀಟರ್ ಅಂದಳು. ಸೂತ್ರದ ಪ್ರಕಾರ ಸೆಕೆಂಡಿಗೆ 3.4 ಲೀಟರ್. ಆದರೆ 20 ಲೀಟರಿನ ಬಕೆಟ್ ನಾಲ್ಕೂವರೆ ಸೆಕೆಂಡಿಗೇ ತುಂಬಿತು, ಅಂದ್ರೆ 4.4. ಲ್ಯಾಬಿನಲ್ಲಾಗಿದ್ರೆ ಬಕೆಟ್ಟಿನ ಲೆಕ್ಕ ತಿದ್ದಿರೋರು. ಇಲ್ಲಿ ಅರ್ಧ ಗಂಟೆ ಜಗಳ. ಕೊನೆಗೆ ಅವಳೇ ನೀರಿಗೆ ಕೆನ್ನೆ ತಾಗುವಷ್ಟು ಬಗ್ಗಿ ನೋಡಿ, "ಸಾರ್, ಬಾಯಿ ಹತ್ರ ನೀರು ಇಳಿಜಾರಾಗುತ್ತೆ" ಅಂದಳು. ಎರಡು ಅಡಿ ಹಿಂದೆ ಮಟ್ಟ ಹಿಡಿದು ಅಳೆದರೆ ಸರಿಯಾಗಿ 10. ಹರಿವು ಎತ್ತರದ ಎರಡೂವರೆ ಘಾತದಂತೆ ಏರುತ್ತೆ ಅಂದ್ರೇನು ಅಂತ ಒಂದು ಸೆಂಟಿಮೀಟರ್ ಕಲಿಸಿತು. (ರಕ್ತ ಹೀರೋ ಇಂಬಳ ಹತ್ತಿದ್ದು ಏಳು ಜನಕ್ಕೆ, ಅದರ ಪಾಠ ಬೇರೆ.)

ಫೈನಲ್ ಇಯರಿನಲ್ಲಿ ಬಸ್ ಮಾಡ್ಕೊಂಡು ಲಿಂಗನಮಕ್ಕಿ, ಜೋಗ ಸುತ್ತಿಸಿ ಸೆಲ್ಫಿ ತೆಗೆಸೋದಕ್ಕೆ ನನ್ನ ತಕರಾರಿಲ್ಲ. ಆದರೆ ಮೊದಲ ಸೆಮಿಸ್ಟರಿನಲ್ಲೇ ಹಳ್ಳಕ್ಕೆ ಇಳಿಸಿ, ಬರ್ನೌಲಿ ಸಮೀಕರಣ ಆಮೇಲೆ ಬರಲಿ. ಯಾರಾದ್ರೂ ಜಾರಿ ಬಿದ್ರೆ ಯಾರು ಹೊಣೆ ಅಂತ ಕೇಳ್ತಾರೆ, ನ್ಯಾಯವೇ. ಅದಕ್ಕೇ ನಾನು ಆಷಾಢದ ಮಳೆಯಲ್ಲಿ ಹೋಗಲ್ಲ.

ಆ ರಾತ್ರಿ ಗುಡುಗು ಮಳೆ ಹೊಡೀತು. ಬೆಳಿಗ್ಗೆ ದಡದಲ್ಲೇ ನಿಂತು ನೋಡಿದ್ರೆ ಸ್ಕೇಲಿನಲ್ಲಿ 20. ಎತ್ತರ ಎರಡು ಪಟ್ಟು, ನೀರು ಐದೂವರೆ ಪಟ್ಟಿಗೂ ಹೆಚ್ಚು, ಸೆಕೆಂಡಿಗೆ ಹತ್ತಿರಹತ್ತಿರ 25 ಲೀಟರ್. ಇಷ್ಟಾದ್ರೂ ಒಂದು ಕ್ಯೂಸೆಕ್ ಆಗಿಲ್ಲ. ಒಬ್ಬ ಹುಡುಗ ಕೇಳಿದ: "ಹಾಗಾದ್ರೆ ಗಾಜನೂರಿಂದ ಐವತ್ತು ಸಾವಿರ ಬಿಟ್ರು ಅಂದ್ರೆ, ಇಂಥ ಐವತ್ತು ಸಾವಿರ ಹಳ್ಳನಾ ಸಾರ್?"

ಹಲಗೆ ನಮ್ಮನೆ ಹಿತ್ತಿಲಲ್ಲಿದೆ. ಯಾವ ಕಾಲೇಜಿನ ಮೇಷ್ಟ್ರಿಗಾದ್ರೂ ಬೇಕಿದ್ರೆ ಬಂದು ತಗೊಂಡು ಹೋಗಿ.