ಬ್ರೇಕ್ ಪೈಪ್ ನಟ್: ಕೈಯಲ್ಲಿ ತಿರುಗಿದರೆ ಸಾಲದು

‘ಬ್ರೇಕ್ ಪೈಪ್ ನಟ್ ಕೈಯಲ್ಲಿ ತಿರುಗಿ ಒಳಗೆ ಹೋದರೆ ಅದೇ ಸರಿಯಾದ ಸೈಜ್’ ಅನ್ನೋ ಮಾತು ಹರಿದಾಡುತ್ತಿದೆ. ಇದು ತಪ್ಪು, ಅಪಾಯ ಕೂಡ.

4.75 ಮಿ.ಮೀ. ಪೈಪಿಗೆ ಎಂ10x1 ನಟ್ (ಹೊರಗಿನ ಥ್ರೆಡ್ 10 ಮಿ.ಮೀ. ದಪ್ಪ, ಸುತ್ತಿನಿಂದ ಸುತ್ತಿಗೆ ಅಂತರ 1 ಮಿ.ಮೀ.) ಬರುತ್ತದೆ, 3/8 ಇಂಚಿನ 24 ಟಿಪಿಐ (ಇಂಚಿಗೆ 24 ಥ್ರೆಡ್) ನಟ್ ಕೂಡ ಬರುತ್ತದೆ. ನೋಡೋಕೆ ಎರಡೂ ಒಂದೇ ಥರ. ಇಂಚಿನದು ಸುಮಾರು ಅರ್ಧ ಮಿ.ಮೀ. ಸಣ್ಣ, ಅದಕ್ಕೇ ಎಂ10 ತೂತಿಗೆ ಸಲೀಸಾಗಿ ಇಳಿಯುತ್ತದೆ. ಆದರೆ ಹಿಡಿತ ಕಮ್ಮಿ. ಪೆಡಲ್ ಜೋರಾಗಿ ಒತ್ತಿದಾಗ ಥ್ರೆಡ್ ಕಿತ್ತು ಬರಬಹುದು.

ವರ್ನಿಯರ್‌ನಲ್ಲಿ ಥ್ರೆಡ್‌ನ ಹೊರ ಅಳತೆ ನೋಡಿ. 9.5 ಮಿ.ಮೀ. ದಾಟದಿದ್ದರೆ ಇಂಚಿನದು. 10ಕ್ಕೆ ತುಸು ಕಮ್ಮಿ ಇದ್ದರೆ ಎಂ10. ಪಿಚ್ ಗೇಜ್ (ಥ್ರೆಡ್ ಅಂತರ ಅಳೆಯೋ ಸಾಧನ) ಕೂಡ ಇಟ್ಟು ನೋಡಿ, ಯಾಕಂದ್ರೆ ಎಂ10x1.25 ಸಹ ಇದೆ. ಸುಮ್ನೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಸೋರಿಕೆ ತಡೆಯೋದು ಥ್ರೆಡ್ ಅಲ್ಲ, ಪೈಪ್ ತುದಿಯ ಫ್ಲೇರ್, ಅಂದ್ರೆ ಅಗಲಿಸಿದ ಬಾಯಿ.